ಒನೊರೀನಾ ಅಜ್ಜಿಯ ಬೆರಳು

ಎವಾಸಿಯೊನ ಹಲ್ಲು ಮುರಿದದ್ದು ಬೆಳಿಗ್ಗೆ ಏಳೂಕಾಲಿಗೆ, ಮುಂದೆ ಅತ್ತೆಯಾಗಬೇಕಾದ ಪಾಲ್ಮೀರಾ ಕೊಟ್ಟ ಬಿಸ್ಕತ್ತಿನಿಂದ. ಬಿಸ್ಕತ್ತು ಕ್ರಿಸ್‌ಮಸ್ಸಿಗೆ ಸುಟ್ಟದ್ದು. ಈಗ ಈಸ್ಟರ್ ಕಳೆದು ಎರಡು ವಾರವಾಗಿತ್ತು.

"ತಿನ್ನೋ. ಖಾಲಿ ಹೊಟ್ಟೇಲಿ ಹೋದ್ರೆ ಆ ರೋಮಿನವರ ಮುಂದೆ ನಾಲಿಗೆ ತೊದಲುತ್ತೆ," ಎಂದು ಪಾಲ್ಮೀರಾ ಡಬ್ಬ ಹಿಡಿದು ಮೆಟ್ಟಿಲ ಬುಡದಲ್ಲಿ ದಾರಿಗಡ್ಡ ನಿಂತಿದ್ದಳು. ಅವಳ ಮನೆಯ ಮಹಡಿಯಲ್ಲೇ ಅವನ ಬಾಡಿಗೆ ಕೋಣೆ. ತಪ್ಪಿಸಿಕೊಳ್ಳಲು ಬೇರೆ ದಾರಿಯಿರಲಿಲ್ಲ.

"ಕಾಫೀಲಿ ಅದ್ದಿಕೊಂಡು ತಿನ್ತೀನಿ ಅಮ್ಮಾ."

"ಅದ್ದೋಕೆ ಟೈಮೆಲ್ಲಿದೆ? ಯಾಕೆ, ನಿನಗೇನು ಹಲ್ಲಿಲ್ವಾ?"

ಹಲ್ಲಿತ್ತು. ಕಚ್ಚಿದ. ಕಟಕ್ ಎಂದಿತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ಎವಾಸಿಯೊಗೆ ಎರಡೂ ಒಟ್ಟಿಗೆ ಇದ್ದದ್ದು ಒಂದೇ ಒಂದು ಕ್ಷಣ.

ಪಾಲ್ಮೀರಾ ಅವನ ಕಣ್ಣೀರನ್ನು ಭಕ್ತಿ ಎಂದುಕೊಂಡಳು. "ಅಳಬೇಡ. ಇವತ್ತು ಖಾಯಂ ಆಗಿ ಬಾ. ಲೊರೆದಾನಾಗೆ ಮೂವತ್ತೆಂಟು ತುಂಬಿತು. ನಿಮ್ಮ ನಿಶ್ಚಿತಾರ್ಥ ಆದಮೇಲೆ ಚರ್ಚಿನ ಪಾದ್ರಿಗಳೇ ಮೂರು ಜನ ಬದಲಾದ್ರು. ಜೂನ್‌ನಲ್ಲಿ ಮದುವೆ ಆಗ್ಲಿಲ್ಲ ಅಂದ್ರೆ ಆ ಮೇಲಿನ ಕೋಣೇನ ಬೇರೆಯವರಿಗೆ ಕೊಡ್ತೀನಿ, ಮಗಳನ್ನೂ ಬೇರೆಯವರಿಗೇ ಕೊಡ್ತೀನಿ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಎವಾಸಿಯೊ ಸ್ಪರ್ಶದ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದ. ಹನ್ನೊಂದೂ ವರ್ಷ ಒಂದೊಂದು ವರ್ಷದ ಕರಾರು. ವರ್ಷದ ಕರಾರಿನವನಿಗೆ ಬ್ಯಾಂಕು ಮನೆ ಕೊಳ್ಳಲು ಸಾಲ ಕೊಡುವುದಿಲ್ಲ, ಪಾಲ್ಮೀರಾ ಮಗಳನ್ನು ಕೊಡುವುದಿಲ್ಲ. ಇವತ್ತು ಮಧ್ಯಾಹ್ನ ಮೂರಕ್ಕೆ ರೋಮಿನಿಂದ ಅಧಿಕಾರಿಣಿ ಕ್ವಾರಾಂತಾ ಮೇಡಂ ಬಂದು ಪ್ರಯೋಗ ನೋಡಿ ತಲೆಯಾಡಿಸಿದರೆ ಪ್ರಯೋಗಾಲಯಕ್ಕೆ ಇನ್ನೈದು ವರ್ಷ ಆಯುಸ್ಸು, ಎವಾಸಿಯೊಗೆ ಖಾಯಂ ಹುದ್ದೆ. ತಲೆಯಾಡಿಸದಿದ್ದರೆ ಎರಡೂ ಇಲ್ಲ.

ಬಿಯೆಲ್ಲಾ ಉಣ್ಣೆಯ ಊರು. ಇಲ್ಲಿ ಕೈಕುಲುಕಿದವರು ಕೈ ಬಿಡುವ ಮುನ್ನ ನಿಮ್ಮ ಕೋಟಿನ ತೋಳನ್ನು ಎರಡು ಬೆರಳಲ್ಲಿ ಉಜ್ಜಿ ನಿಮ್ಮ ಯೋಗ್ಯತೆ ತಿಳಿದುಕೊಳ್ಳುತ್ತಾರೆ. ಮುಟ್ಟಿದಾಗ ಬಟ್ಟೆ ಹೇಗಿದೆ ಎಂಬುದಕ್ಕೆ ಗಿರಣಿಯವರು 'ಕೈ' ಎನ್ನುತ್ತಾರೆ. ಒಳ್ಳೆಯ ಕೈಯ ಬಟ್ಟೆ, ಕೆಟ್ಟ ಕೈಯ ಬಟ್ಟೆ. ಅದನ್ನು ಹೇಳುವುದರಲ್ಲಿ ಒನೊರೀನಾ ಅಜ್ಜಿಯನ್ನು ಮೀರಿಸಿದವರಿಲ್ಲ. ನಲವತ್ತು ವರ್ಷ ಗಿರಣಿಯಲ್ಲಿ ಕೂತು ಬೆರಳಲ್ಲಿ ಮುಟ್ಟಿ, ಹತ್ತಕ್ಕೆ ಎಷ್ಟು ಎಂದು ಅಂಕ ಕೊಟ್ಟವಳು. ಅವಳ ಬೆರಳ ಗುಟ್ಟನ್ನು ಯಂತ್ರಕ್ಕೆ ಕಲಿಸುವುದೇ ಪ್ರಯೋಗಾಲಯದ ಕೆಲಸ. ಅದಕ್ಕಾಗಿ ರಬ್ಬರಿನ ಚರ್ಮದ, ಗೆರೆ ಕೊರೆದ ಒಂದು ಕೃತಕ ಬೆರಳು ತಯಾರಾಗಿತ್ತು. ಹೆಸರು ದಿತೀನೊ, ಎಂದರೆ ಪುಟ್ಟ ಬೆರಳು. ಅದು ಬಟ್ಟೆಯ ಮೇಲೆ ಜಾರುವಾಗ ಎಷ್ಟು ಅಂಟಿತು, ಎಷ್ಟು ಜಾರಿತು, ಎಷ್ಟು ನಡುಗಿತು ಎಂದು ಅಳೆದು ತಾನೂ ಅಂಕ ಕೊಡುತ್ತಿತ್ತು. ಐದು ವರ್ಷ, ನಾನೂರು ಬಟ್ಟೆ. ಈಗ ಅಜ್ಜಿಯ ಅಂಕಕ್ಕೂ ದಿತೀನೊನ ಅಂಕಕ್ಕೂ ಕೂದಲೆಳೆಯ ವ್ಯತ್ಯಾಸ. ಜಗತ್ತಿನ ದೊಡ್ಡ ದೊಡ್ಡ ಪತ್ರಿಕೆಗಳಲ್ಲಿ ಇದು ಅಚ್ಚಾಗಿತ್ತು, ಮೊದಲ ಹೆಸರು ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರ್ ಬೋಜೊ ಅವರದು, ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ ಎವಾಸಿಯೊನದು.

ಕ್ರಮ ಬಹಳ ಕಟ್ಟುನಿಟ್ಟು. ಮೇಜಿನ ನಡುವೆ ಎದೆಮಟ್ಟದ ಪರದೆ. ಅಜ್ಜಿ ಪರದೆಯ ಕೆಳಗೆ ಕೈ ತೂರಿಸಬೇಕು, ಬಟ್ಟೆ ಕಾಣಬಾರದು. ಎದುರಿಗೆ ಕೂತ ಎವಾಸಿಯೊ ಡಬ್ಬದಿಂದ ಒಂದೊಂದೇ ತುಂಡು ತೆಗೆದು, ಚೀಟಿಯ ನಂಬರು ಬರೆದುಕೊಂಡು, ಅವಳ ಬೆರಳಡಿಗೆ ಇಡಬೇಕು. ಮಾತು ನಿಷೇಧ. ಎವಾಸಿಯೊಗೆ ಒಮ್ಮೆ ಜ್ವರ ಬಂದಾಗ ಬೇರೊಬ್ಬರು ಕೂತರೆ ಅಜ್ಜಿ ಶಾಲು ಹೊದ್ದು ಎದ್ದು ಹೋಗಿದ್ದಳು. "ಆ ಹುಡುಗ ಎದುರಿಗಿದ್ರೇನೇ ನನ್ನ ಬೆರಳಿಗೆ ಕಣ್ಣು ಬರೋದು." ನಲವತ್ತೊಂದು ವರ್ಷದ ಹುಡುಗನಿಗೆ ಅಂದು ಹೆಮ್ಮೆಯಾಗಿತ್ತು.

ಇರಲಿ, ಹಲ್ಲಿನ ವಿಷಯಕ್ಕೆ ಬರೋಣ. ಒಂಬತ್ತರ ಹೊತ್ತಿಗೆ ನೋವು ಕಿವಿಯವರೆಗೆ ಏರಿತ್ತು. ಪಕ್ಕದ ಬೀದಿಯ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತು, ಎದುರಿನ ಕನ್ನಡಿ ನೋಡುತ್ತ, "ಈ ಕಡೆ" ಎಂದು ತೋರಿಸಿದ. ಕನ್ನಡಿ ಎಡವನ್ನು ಬಲ ಮಾಡಿತು. ಡಾಕ್ಟರು ನೋವಿಲ್ಲದ ಕಡೆ ಸೂಜಿ ಚುಚ್ಚಿ, ಆಮೇಲೆ ಮುರಿದ ಹಲ್ಲಿಗೆ ಕೈ ಹಾಕಿದರು. ಆಗ ಎವಾಸಿಯೊ ಹಾಕಿದ ಕೂಗಿಗೆ ಹೊರಗೆ ಕಾಯುತ್ತಿದ್ದ ಇಬ್ಬರು ಎದ್ದು ಮನೆಗೆ ಹೋದರು.

"ಮೊದಲೇ ಹೇಳಬಾರದೇನ್ರೀ?" ಎಂದು ಡಾಕ್ಟರು ಈ ಕಡೆಗೂ ಚುಚ್ಚಿದರು. ಹಿಡಿಯಲಿಲ್ಲ. ಮತ್ತೊಂದು ಚುಚ್ಚಿದರು. "ನರದ ಮೇಲೆ ಸಂಶೋಧನೆ ಮಾಡೋರು ನೀವು, ನಿಮ್ಮ ನರವೇ ಮಾತು ಕೇಳಲ್ವಲ್ಲ!"

ಹನ್ನೊಂದಕ್ಕೆ ಹಲ್ಲು ಸರಿಯಾಯಿತು, ಮುಖ ಕೆಟ್ಟಿತು. ಎವಾಸಿಯೊ ಬಾಯಿ ಮುಚ್ಚಲು ನೋಡಿದ, ಅದು ಮುಚ್ಚಿದೆಯೋ ಇಲ್ಲವೋ ತಿಳಿಯಲಿಲ್ಲ. ಹುಬ್ಬು ಏಳಲಿಲ್ಲ. ಕೆನ್ನೆ ಕೊಂಕಲಿಲ್ಲ. ಡಾಕ್ಟರು ಟಾರ್ಚ್ ಬಿಟ್ಟು ನೋಡಿ ಗಂಟಲು ಸರಿಮಾಡಿಕೊಂಡರು.

"ಔಷಧಿ ಸ್ವಲ್ಪ ಆಚೆ ಹರಿದು ಮುಖ ಆಡಿಸೋ ನರಕ್ಕೂ ತಾಗಿರಬೇಕು. ಎರಡೂ ಕಡೆ. ಹೆದರಬೇಡಿ, ಸಾಯಂಕಾಲದ ಹೊತ್ತಿಗೆ ತಾನೇ ಬಿಡುತ್ತೆ. ಇವತ್ತು ನಗೋ ಕೆಲಸ ಏನಾದ್ರೂ ಇತ್ತಾ?"

ಹನ್ನೊಂದು ವರ್ಷಕ್ಕೊಮ್ಮೆ ಬರುವ ನಗುವ ಕೆಲಸ ಇವತ್ತೇ ಇತ್ತು. ಹೇಳಲು ತುಟಿಯಿರಲಿಲ್ಲ.

ಪ್ರಯೋಗಾಲಯದಲ್ಲಿ ಎರಡು ಪಕ್ಷ. ಗ್ವಾಲ್ತಿಯೆರೊ ಚರ್ಮದವನು. ಸ್ಪರ್ಶವೆಂದರೆ ಚರ್ಮ ಎಳೆಯುವುದು, ತಗ್ಗುವುದು, ಜಾರುವುದು, ಉಳಿದದ್ದೆಲ್ಲ ಅಂತೆಕಂತೆ ಎನ್ನುತ್ತಿದ್ದ. ಇವಾನಾ ನರದವಳು. ತೋಳಿನ ನರಕ್ಕೆ ಕೂದಲಿನಂಥ ಸೂಜಿ ಇಳಿಸಿ, ಬೆರಳು ಮುಟ್ಟಿದ್ದನ್ನು ನರ ಮಿದುಳಿಗೆ ಹೇಗೆ ಹೇಳುತ್ತದೆಂದು ಕದ್ದು ಕೇಳುವುದು ಅವಳ ವಿದ್ಯೆ. ಚರ್ಮ ಬರೀ ಚೀಲ ಎನ್ನುತ್ತಿದ್ದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಈ ಸಂಸಾರದಲ್ಲಿ ನೊಗ ಮಾತ್ರ ಎವಾಸಿಯೊನ ಕುತ್ತಿಗೆಯ ಮೇಲೆ. ಅಂದು ಮಾತ್ರ ಇಬ್ಬರಿಗೂ ಒಂದೇ ಆಸೆ ಹುಟ್ಟಿತು.

"ಅಯ್ಯೋ ದೇವರೇ, ಪೂರ್ತಿ ಜೋಮು ಹಿಡಿದ ತುಟಿ!" ಇವಾನಾ ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. "ಇಂಥದ್ದು ಎಲ್ಲಿ ಸಿಗುತ್ತೆ? ಅಲ್ಲಾಡಬೇಡ, ನನ್ನ ಕೂದಲು ತರ್ತೀನಿ."

ಕೂದಲೆಂದರೆ ನೈಲಾನಿನ ಎಳೆಗಳು, ತೆಳುವಿನಿಂದ ದಪ್ಪದವರೆಗೆ. ಚರ್ಮಕ್ಕೆ ಒತ್ತಿ, ಯಾವ ಎಳೆ ಗೊತ್ತಾಯಿತು ಎಂದು ಕೇಳುತ್ತಾರೆ.

"ಅದಕ್ಕಿಂತ ಮೊದಲು ನನ್ನ ಕಂಪನದ ಕಡ್ಡಿ ಇಡ್ತೀನಿ," ಎಂದು ಗ್ವಾಲ್ತಿಯೆರೊ ಇನ್ನೊಂದು ಕೆನ್ನೆ ಹಿಡಿದ. ಆಮೇಲೆ ಏನೋ ನೆನಪಾಗಿ ಕೈ ತಡೆದ. "ಇರು, ಇವಾನಾ. ನೌಕರರ ಮೇಲೆ ಪ್ರಯೋಗ ಮಾಡಕೂಡದು ಅಂತ ನಿಯಮ ಇದೆಯಲ್ಲ?"

"ಅವನು ಖಾಯಂ ಆಗೋದು ಮೂರು ಗಂಟೆ ಮೇಲೆ ತಾನೇ? ಈಗಿನ್ನೂ ಹನ್ನೆರಡು."

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಎರಡು ಗಂಟೆ ಅವರು ಅವನ ಮುಖವನ್ನು ಹಂಚಿಕೊಂಡರು, ಮೂಗಿನಿಂದ ಎಡಕ್ಕೆ ನರ, ಬಲಕ್ಕೆ ಚರ್ಮ. ಎವಾಸಿಯೊ ಊಟಕ್ಕೆ ತಂದಿದ್ದ ಪೊಲೆಂತಾ, ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಡಬ್ಬದಲ್ಲೇ ಗಟ್ಟಿಯಾಯಿತು. ಪ್ರತಿಭಟಿಸಲು ಬಾಯಿ ತೆರೆದಾಗ ಜೊಲ್ಲು ಸುರಿದು, ಪ್ರಯೋಗಕ್ಕೆಂದು ಮೇಜಿನ ಮೇಲಿಟ್ಟಿದ್ದ ಕುದುರೆ ಕಂಬಳಿಯ ಒರಟು ತುಂಡಿನ ಮೇಲೆ ಬಿತ್ತು.

"ಒದ್ದೆ ಆದ್ರೆ ಜಾರೋದು ಬದಲಾಗುತ್ತೆ ಕಣೋ!" ಎಂದು ಗ್ವಾಲ್ತಿಯೆರೊ ಅವನಿಗೇ ಬೈದ.

ಎರಡೂವರೆಗೆ ಒನೊರೀನಾ ಅಜ್ಜಿ ಬಂದಳು. ಎಂದಿನ ಕಪ್ಪು ಉಡುಪು, ಎಂದಿನ ಶಾಲು. ಎವಾಸಿಯೊನನ್ನು ನೋಡಿದವಳೇ ಬಾಗಿಲಲ್ಲೇ ನಿಂತಳು.

"ಏನಾಯ್ತೋ ಮಗಾ, ನಿನ್ನ ಮುಖಕ್ಕೆ?"

"ಅಲ್ಲು," ಎಂದ ಎವಾಸಿಯೊ.

"ಹಲ್ಲು ರಿಪೇರಿ ಅಜ್ಜಿ, ಸಂಜೆ ಹೊತ್ತಿಗೆ ಸರಿಹೋಗುತ್ತೆ," ಎಂದಳು ಇವಾನಾ.

ಅಜ್ಜಿ ನೇರ ಪ್ರೊಫೆಸರ್ ಬೋಜೊ ಅವರ ಹತ್ತಿರ ನಡೆದಳು. "ಇವತ್ತು ಬೇಡ ಪ್ರೊಫೆಸರ್ರೇ. ನನಗೆ ಮೈ ಸರಿಯಿಲ್ಲ. ಸಂಜೆಗೆ ಇಟ್ಕೊಳ್ಳಿ, ಇಲ್ಲಾಂದ್ರೆ ನಾಳೆ."

"ಏನಮ್ಮಾ ಇದು! ರೋಮಿನವರು ಕೆಳಗೆ ಕಾರಿಳೀತಿದಾರೆ. ನಿಮ್ಮ ಬೆರಳು ನೋಡೋಕೇ ಬಂದಿರೋದು. ಎವಾಸಿಯೊನ ಮುಖ ನೋಡೋಕಲ್ಲ," ಎಂದು ನಕ್ಕು ಪ್ರೊಫೆಸರು ಟೈ ಸರಿಮಾಡಿಕೊಂಡರು.

ಅಜ್ಜಿ ನಗಲಿಲ್ಲ.

ಕ್ವಾರಾಂತಾ ಮೇಡಂ ತೆಳ್ಳಗೆ, ಕಡಿಮೆ ಮಾತಿನವರು. ಬಂದವರೇ ಪ್ರೊಫೆಸರ ಕೈಕುಲುಕಿ, ತೋಳು ಉಜ್ಜಿಸಿಕೊಂಡು, ಮೂಲೆಯ ಕುರ್ಚಿಯಲ್ಲಿ ಕೂತರು. ಪ್ರೊಫೆಸರು ಅರ್ಧ ಗಂಟೆ ಭಾಷಣ ಮಾಡಿದರು. ಬೆರಳ ತುದಿಯ ಗೆರೆಗಳು, ಅದರಡಿಯ ನಾಲ್ಕು ಬಗೆಯ ನರದ ತುದಿಗಳು, ಮನುಷ್ಯಕುಲದ ಭವಿಷ್ಯ, ಎಲ್ಲ ಬಂದವು. ಕೊನೆಗೆ, "ಈಗ ನೋಡಿ, ಗುರು ಮತ್ತು ಶಿಷ್ಯ!" ಎಂದು ಒಂದು ಕಡೆ ಅಜ್ಜಿಯನ್ನೂ ಇನ್ನೊಂದು ಕಡೆ ದಿತೀನೊನನ್ನೂ ತೋರಿಸಿದರು.

ಎವಾಸಿಯೊ ಮೊದಲ ತುಂಡು ತೆಗೆದ. ಕುದುರೆ ಕಂಬಳಿ, ಮಧ್ಯಾಹ್ನದ ಜೊಲ್ಲು ಆರಿದ್ದು. ಅಜ್ಜಿ ಪರದೆಯಡಿ ಕೈ ತೂರಿಸಿ ಸವರಿದಳು. ಸವರುತ್ತ ಎದುರಿಗೆ ನೋಡಿದಳು. ಮತ್ತೆ ಸವರಿದಳು. ಸಾಮಾನ್ಯವಾಗಿ ಎರಡು ಉಸಿರಿನಲ್ಲಿ ಅಂಕ ಹೇಳುವವಳು ಒಂದು ನಿಮಿಷ ಕೂತಳು. ಎವಾಸಿಯೊನ ಮುಖ ಸುಣ್ಣ ಬಳಿದ ಗೋಡೆಯ ಹಾಗಿತ್ತು.

"ಎಂಟು," ಎಂದಳು ಅಜ್ಜಿ.

ದಿತೀನೊ ಜಾರಿತು. ಯಂತ್ರದ ಗಾಜಿನ ಮೇಲೆ ಅಂಕ ಮೂಡಿತು: ಒಂದು.

ಪ್ರೊಫೆಸರು ಕೆಮ್ಮಿದರು. "ಶುರುವಿನಲ್ಲಿ ಕೈ ತಣ್ಣಗಿರುತ್ತೆ."

ಎರಡನೆಯದು ವಿಕುನಾ. ದೂರದ ಬೆಟ್ಟದ ಪ್ರಾಣಿಯ ಉಣ್ಣೆ, ಊರಿನ ಗಿರಣಿ ಮಾಲೀಕರೂ ಮದುವೆಗೆ ಮಾತ್ರ ಉಡುವಂಥದ್ದು. ಎವಾಸಿಯೊ ಅದನ್ನು ಅವಳ ಬೆರಳಡಿಗೆ ಇಟ್ಟ. ಅಜ್ಜಿ ಅವನ ಕಣ್ಣು, ಹುಬ್ಬು, ಬಾಯಿಗಳ ಮೇಲೆ ಒಂದೊಂದಾಗಿ ಕಣ್ಣಾಡಿಸಿದಳು. ಅವನ ತುಟಿಯ ಮೂಲೆಯಿಂದ ಒಂದು ಹನಿ ಜೊಲ್ಲು ಇಳಿಯಿತು. ಅಜ್ಜಿ ಅದನ್ನು ಅಸಹ್ಯವೆಂದು ತಿಳಿದಳೇನೋ.

"ಎರಡು. ಗೋಣಿ ಇದ್ದಂಗಿದೆ."

ದಿತೀನೊ ಹೇಳಿತು: ಹತ್ತು.

ಎಂಟು ಬಟ್ಟೆಗಳಾದವು. ಅಜ್ಜಿ ಎಂಟಕ್ಕೆ ಎಂಟೂ ತಪ್ಪಿದಳು. ಎವಾಸಿಯೊನ ಎದೆಯೊಳಗೆ ಜೂನ್ ತಿಂಗಳು ದಿನ ದಿನವಾಗಿ ಸಾಯುತ್ತಿತ್ತು. ಪಾಪ, ಮುಖದಲ್ಲಿ ಅದಾವುದೂ ಕಾಣಲಿಲ್ಲ. ನೋಡಿದವರು ಎಂಥ ಸ್ಥಿತಪ್ರಜ್ಞ ಅಂದುಕೊಳ್ಳಬೇಕು.

"ಆದರೂ ಯಂತ್ರ ಎಲ್ಲಾದನ್ನೂ ಸರಿಯಾಗಿ ಹೇಳಿದೆ ಮೇಡಂ," ಎಂದರು ಪ್ರೊಫೆಸರು, ಬೆವರು ಒರೆಸಿಕೊಳ್ಳುತ್ತ.

ಕ್ವಾರಾಂತಾ ಮೇಡಂ ಮೊದಲ ಬಾರಿ ಬಾಯಿ ಬಿಟ್ಟರು. "ಶಿಷ್ಯ ಸರಿ, ಗುರು ತಪ್ಪು. ಹಾಗಾದ್ರೆ ಶಿಷ್ಯ ಕಲಿತದ್ದು ಯಾರ ಹತ್ರ?"

ಮೇಡಂ ಎದ್ದು ಬಂದು ಇವಾನಾಳ ನೈಲಾನ್ ಎಳೆಗಳನ್ನು ಕೈಗೆತ್ತಿಕೊಂಡರು. "ಇವರ ಬೆರಳನ್ನೇ ಪರೀಕ್ಷೆ ಮಾಡಿ. ಪರದೆ ಇರಲಿ."

ಇವಾನಾ ಪರದೆಯ ಹಿಂದೆ ಎಳೆ ಹಿಡಿದಳು. "ಮುಟ್ಟಿದಾಗ ಹೇಳಿ ಅಜ್ಜಿ."

"ಹ್ಞೂಂ, ಮುಟ್ಟಿತು," ಎಂದಳು ಅಜ್ಜಿ.

ಇವಾನಾ ಇನ್ನೂ ಮುಟ್ಟಿರಲಿಲ್ಲ. ಆಮೇಲೆ ಅತಿ ದಪ್ಪ ಎಳೆ ತೆಗೆದುಕೊಂಡು ಬಾಗುವವರೆಗೆ ಒತ್ತಿದಳು. ಅಜ್ಜಿ ಸುಮ್ಮನೆ ಕಿಟಕಿ ನೋಡುತ್ತಿದ್ದಳು. ಸೂಜಿಯಿಂದ ಚುಚ್ಚಿದಳು. ಅಜ್ಜಿ ಆಕಳಿಸಿದಳು.

"ಇದರಲ್ಲಿ ಏನೂ ಇಲ್ಲ," ಎಂದಳು ಇವಾನಾ ಮೆಲ್ಲಗೆ. "ಈ ಬೆರಳುಗಳು ಸತ್ತು ಎಷ್ಟೋ ಕಾಲ ಆಗಿದೆ."

ಅಜ್ಜಿ ಕೈ ಎಳೆದುಕೊಂಡು ಶಾಲಿನೊಳಗೆ ಸೇರಿಸಿದಳು. ಅಳುತ್ತಾಳೇನೋ ಅಂದುಕೊಂಡರೆ, ಅವಳಿಗೆ ಸಿಟ್ಟು ಬಂದಿತ್ತು.

"ಮೂವತ್ತು ವರ್ಷ ಆಯ್ತು. ಅಂಕ ಕೊಡೋದರ ಜೊತೆಗೆ ಬಣ್ಣದ ಕುದಿಯೋ ನೀರಲ್ಲೂ ಕೈಯಾಡಿಸಿ ಆಡಿಸಿ ಹೋಯ್ತು. ಹೇಳಿದ್ರೆ ಕೆಲಸದಿಂದ ತೆಗೀತಿದ್ರು. ಹೇಳಲಿಲ್ಲ. ಏನೀಗ?"

"ಆಮೇಲೂ ಗಿರಣೀಲಿ ಅಂಕ ಕೊಟ್ರಲ್ಲ?" ಪ್ರೊಫೆಸರ ಧ್ವನಿ ಕೀರಲಾಗಿತ್ತು.

"ಮಾಲೀಕರ ಮುಖ ನೋಡಿ ಕೊಟ್ಟೆ. ಉಣ್ಣೆ ಕೊಂಡವರು ಅವರು, ಒಳ್ಳೇದೋ ಕೆಟ್ಟದ್ದೋ ಅವರಿಗೆ ಗೊತ್ತು. ಅವರು ಪ್ರೀತಿಯಿಂದ ನೋಡಿದ್ರೆ ಒಂಬತ್ತು ಅಂದೆ. ಒನೊರೀನಾನ ಬೆರಳು ಬಂಗಾರ ಅಂದ್ರು. ನಾನೇನು ಬೇಡ ಅನ್ನಲಾ?"

"ಇಲ್ಲಿ?"

ಅಜ್ಜಿ ಎವಾಸಿಯೊ ಕಡೆ ಬೆರಳು ತೋರಿಸಿದಳು. "ಇಲ್ಲಿ ಈ ಮಗ ಇದ್ದನಲ್ಲ. ಒಳ್ಳೇ ಬಟ್ಟೆ ಬಂದ್ರೆ ಹುಬ್ಬು ಹಣೆಗೆ ಏರುತ್ತೆ. ಸುಮಾರಾಗಿದ್ರೆ ಮೂಗು ಉದ್ದ ಆಗುತ್ತೆ. ಕಂಬಳಿ ಬಂದ್ರೆ ನಿಂಬೆಹಣ್ಣು ಚೀಪಿದ ಹಾಗೆ ಬಾಯಿ. ಇಂಥ ಮುಖ ಆ ಮಾಲೀಕರಿಗೂ ಇರ್ಲಿಲ್ಲ, ದೇವರಾಣೆ. ಇವತ್ತು ನೋಡಿ, ಅಂಗಡಿ ಬಾಗಿಲೇ ಹಾಕ್ಕೊಂಡು ಬಂದಿದಾನೆ! ನಾನೇನ್ ಮಾಡ್ಲಿ?"

ಎಲ್ಲರೂ ಎವಾಸಿಯೊ ಕಡೆ ತಿರುಗಿದರು. ಗ್ವಾಲ್ತಿಯೆರೊಗೆ ಅನುಮಾನ ಬಂತು. "ಹಾಗಾದ್ರೆ ನಾನೂರು ಬಟ್ಟೆಯ ಕೈ ಹೇಳಿದ್ದು ನೀನು! ನೀನು ಭತ್ತದ ಗದ್ದೆ ಊರಿಂದ ಬಂದವನು. ಉಣ್ಣೆ ವಿಷಯ ನಿನಗೆ ಹೇಗೋ ಗೊತ್ತು?"

ಎವಾಸಿಯೊಗೆ ಬಟ್ಟೆಯೆಂದರೆ ಚಳಿಗೆ ದಪ್ಪ, ಸೆಖೆಗೆ ತೆಳು, ಅಷ್ಟೇ. ಅವನು ಒಂದು ತುಂಡು ಎತ್ತಿ, ಅದಕ್ಕೆ ಪಿನ್ನು ಹಾಕಿದ್ದ ಚೀಟಿ ತೋರಿಸಿದ. ನಂಬರಿನ ಕೆಳಗೆ ಗಿರಣಿಯ ಹೆಸರಿತ್ತು, ಉಣ್ಣೆಯ ಜಾತಿ ಇತ್ತು, ದರ್ಜೆ ಇತ್ತು.

"ಓದ್ತಿದ್ದೆ," ಎಂದ.

ಐದು ವರ್ಷ ಪ್ರಯೋಗಾಲಯ ಸ್ಪರ್ಶವನ್ನು ಹುಡುಕಿತ್ತು. ಅದು ದಿತೀನೊನಿಂದ ಅಜ್ಜಿಯ ಬೆರಳಿಗೆ, ಬೆರಳಿನಿಂದ ಎವಾಸಿಯೊನ ಹುಬ್ಬಿಗೆ, ಹುಬ್ಬಿನಿಂದ ಚೀಟಿಗೆ ಬಂದು ನಿಂತಿತ್ತು. ನಡುವೆ ಯಾರೂ ಏನನ್ನೂ ಮುಟ್ಟಿರಲಿಲ್ಲ.

ಎಲ್ಲ ಮುಗಿಯಿತು ಎಂದುಕೊಂಡ ಎವಾಸಿಯೊ. ಆದರೆ ಅವನು ಪ್ರೊಫೆಸರ್ ಬೋಜೊ ಅವರನ್ನು ಹನ್ನೊಂದು ವರ್ಷ ನೋಡಿಯೂ ಅರಿತಿರಲಿಲ್ಲ. ಪ್ರೊಫೆಸರು ಒಮ್ಮೆ ಕಣ್ಣು ಮುಚ್ಚಿ ತೆರೆದರು. ತೆರೆದಾಗ ಬೇರೆ ಮನುಷ್ಯ.

"ಮೇಡಂ, ಇದನ್ನೇ ನಾವು ಇವತ್ತು ನಿಮಗೆ ತೋರಿಸಬೇಕಂತಿದ್ದದ್ದು! ಸ್ಪರ್ಶ ಇರೋದು ಬೆರಳಲ್ಲಿ ಅಲ್ಲ, ಎದುರಿಗೆ ಕೂತವರ ಮುಖದಲ್ಲಿ. ಜಗತ್ತಲ್ಲಿ ಯಾರೂ ಇದನ್ನ ಹೇಳಿಲ್ಲ. ಮುಖಕ್ಕೆ ಔಷಧಿ ಕೊಟ್ಟು ಜೋಮು ಹಿಡಿಸಿದ್ವಿ, ಅಂಕ ಕುಸಿದು ಬಿತ್ತು. ನಿಮ್ಮ ಕಣ್ಣೆದುರೇ!"

"ಅದು ಅಲ್ಲು..." ಎಂದ ಎವಾಸಿಯೊ. ಇವಾನಾ ಅವನ ಕಾಲು ತುಳಿದಳು. "ಮಧ್ಯಾಹ್ನದಿಂದ ಅಳತೆ ಎಲ್ಲಾ ತಗೊಂಡಿದೀವಿ ಮೇಡಂ," ಎಂದಳು. "ಬಲಗೆನ್ನೆದು ನನ್ನ ಹತ್ರ ಇದೆ," ಎಂದ ಗ್ವಾಲ್ತಿಯೆರೊ. ಹನ್ನೊಂದು ವರ್ಷದಲ್ಲಿ ಆ ಇಬ್ಬರು ಒಬ್ಬರ ಮಾತಿಗೆ ಇನ್ನೊಬ್ಬರು ತಲೆದೂಗಿದ್ದು ಅದೇ ಮೊದಲು.

ಕ್ವಾರಾಂತಾ ಮೇಡಂ ತುಂಬ ಹೊತ್ತು ಬರೆದುಕೊಂಡರು. ಆಮೇಲೆ ತಲೆಯಾಡಿಸಿದರು. "ಹೊಸ ವಿಷಯ. ಐದು ವರ್ಷ ಕೊಡಬಹುದು. ಈ ಅಜ್ಜಿ ಇರಬೇಕು. ಮುಖ್ಯವಾಗಿ ಈ ಮುಖ ಇರಬೇಕು. ಇವರು ನಿಮ್ಮ ನೌಕರರಾ?"

"ವರ್ಷದ ಕರಾರು ಮೇಡಂ. ಇವತ್ತು ಖಾಯಂ ಮಾಡೋದಂತ."

"ಹಾಗಾದ್ರೆ ಆಗಲ್ಲ. ಪ್ರಯೋಗಕ್ಕೆ ಒಳಗಾಗೋರು ನೌಕರರಾಗಿರಕೂಡದು. ನಿಯಮ."

ಪ್ರೊಫೆಸರು ಒಂದು ಕ್ಷಣವೂ ತಡೆಯಲಿಲ್ಲ.

"ಅದಕ್ಕೇನು, ನೌಕರಿಯಿಂದ ತೆಗೆದ್ರಾಯ್ತು."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿ ಪ್ರಸಾದವನ್ನೂ ಕಿತ್ತುಕೊಂಡ. ಪ್ರೊಫೆಸರು ಮೇಡಂ ಅವರನ್ನು ಊಟಕ್ಕೆ ಕರೆದುಕೊಂಡು ಹೊರಡುವ ಮುನ್ನ ಎವಾಸಿಯೊನ ಭುಜ ತಟ್ಟಿದರು. "ಬೇಜಾರು ಮಾಡ್ಕೋಬೇಡಪ್ಪ. ಸ್ವಯಂಸೇವಕ ಅಂದ್ರೆ ದೊಡ್ಡ ಮಾತು. ವಾರಕ್ಕೆ ಎರಡು ದಿನ ಬಂದ್ರೆ ಸಾಕು, ಕಾಫಿ ನಮ್ಮದೇ. ಐದು ವರ್ಷ ನಿನ್ನನ್ನ ಯಾರೂ ಅಲ್ಲಾಡಿಸಲ್ಲ." ಸ್ವಯಂಸೇವಕನ ಒಪ್ಪಿಗೆ ಪತ್ರವನ್ನು ಸಹಿಗೆಂದು ಅವನ ಮುಂದಿಟ್ಟು ಹೋದರು.

ಜೇಬಿನಲ್ಲಿ ಫೋನು ನಡುಗಿತು. ಪಾಲ್ಮೀರಾ. ಅವನು ತೆಗೆಯಲಿಲ್ಲ. ಅಷ್ಟು ಹೊತ್ತಿಗೆ ಸರಿಯಾಗಿ ಕೆನ್ನೆಯಲ್ಲಿ ಇರುವೆ ಹರಿದಂತಾಯಿತು. ತುಟಿ ಬಂತು, ಹುಬ್ಬು ಬಂತು. ಬೆಳಗಿನಿಂದ ಬಾಕಿಯಿದ್ದ ದುಃಖವೆಲ್ಲ ಒಟ್ಟಿಗೆ ಮುಖದ ಮೇಲೆ ಬಂತು.

ಗ್ವಾಲ್ತಿಯೆರೊ ತಮಾಷೆಗೆ ಆ ಒಪ್ಪಿಗೆ ಪತ್ರವನ್ನು ದಿತೀನೊನ ಅಡಿಗೆ ಇಟ್ಟ. ಒಳ್ಳೆಯ ದಪ್ಪ ಸರ್ಕಾರಿ ಕಾಗದ. ಬೆರಳು ನುಣ್ಣಗೆ ಜಾರಿತು. ಒಂಬತ್ತು ಎಂದಿತು ಯಂತ್ರ.

ಒನೊರೀನಾ ಅಜ್ಜಿ ಎದ್ದು ಬಂದು ಕಾಗದದ ಮೇಲೆ ತನ್ನ ಸತ್ತ ಬೆರಳಿಟ್ಟಳು. ಎವಾಸಿಯೊನ ಮುಖ ನೋಡಿದಳು. ಎರಡು ಉಸಿರು ಸಾಕಾಯಿತು.

"ಸೊನ್ನೆ ಕಣೋ ಮಗಾ," ಎಂದಳು. "ನನ್ನ ಸರ್ವೀಸಲ್ಲೇ ಇಷ್ಟು ಒರಟು ನೋಡಿಲ್ಲ."